ಇಡೀ ದೇಶವೇ ಕುಸಿದಾಗ ನಂಬಿಕೆ ಯಾವುದರ ಮೇಲೆ ನಿಲ್ಲುತ್ತದೆ?

ಪ್ರಶ್ನೆ: ‘ಜಿಜ್ಞಾಸು’

ಒಬ್ಬ ವ್ಯಕ್ತಿಯ ದುಃಖಕ್ಕೆ ಸಾಂತ್ವನ ಹೇಳುವ ಮಾತುಗಳು ಎಲ್ಲ ಮತಧರ್ಮಗಳಲ್ಲಿಯೂ ಬೇಕಾದಷ್ಟಿವೆ. ಒಂದು ಮನೆಯಲ್ಲಿ ಸಾವಾದರೆ ನೆಂಟರಿಷ್ಟರು ಬಂದು ಕೂರುತ್ತಾರೆ. ಋಣ ತೀರಿತು ಎನ್ನುತ್ತಾರೆ, ದೈವೇಚ್ಛೆ ಎನ್ನುತ್ತಾರೆ. ಆ ಮಾತುಗಳಲ್ಲಿ ತರ್ಕ ಎಷ್ಟಿದೆ ಎಂಬುದು ಬೇರೆ ವಿಷಯ. ಹೇಳುವವರ ಮನೆಯಾದರೂ ನಿಂತಿರುವುದರಿಂದ ನೊಂದವರಿಗೆ ಒಂದಿಷ್ಟು ಆಸರೆ ಸಿಗುತ್ತದೆ. ಆದರೆ ಯುದ್ಧಕ್ಕೋ ಭೂಕಂಪಕ್ಕೋ ಕ್ಷಾಮಕ್ಕೋ ಸಿಕ್ಕಿ ಇಡೀ ದೇಶವೇ ನೆಲಕಚ್ಚಿದಾಗ ಸಮಾಧಾನ ಹೇಳಬೇಕಾದವರೂ ಸತ್ತಿರುತ್ತಾರೆ, ಪ್ರಾರ್ಥಿಸಬೇಕಾದ ಗುಡಿಯೂ ಬಿದ್ದಿರುತ್ತದೆ, ಉಳಿದವರೆಲ್ಲರೂ ಒಂದೇ ಸಲಕ್ಕೆ ಸೂತಕದಲ್ಲಿರುತ್ತಾರೆ.

ನಾನು ಆಸ್ತಿಕ. ಆದರೂ ಇಂಥ ಸುದ್ದಿಗಳನ್ನು ಓದುವಾಗ ಕೇಳಿಬರುವ ಎರಡು ಬಗೆಯ ಉತ್ತರಗಳೂ ನನಗೆ ಒಪ್ಪಿಗೆಯಾಗುವುದಿಲ್ಲ. ಆ ಜನರ ಪಾಪಕ್ಕೆ ತಕ್ಕ ಶಿಕ್ಷೆಯಾಯಿತು ಎನ್ನುವುದು ಮೊದಲನೆಯದು. ತೊಟ್ಟಿಲಲ್ಲಿದ್ದ ಮಗುವಿಗೆ ಯಾವ ಪಾಪ ಎಂದು ಕೇಳಿದರೆ ಅದು ಪೂರ್ವಜನ್ಮದ ಕಡೆಗೆ ಓಡುತ್ತದೆ. ಯಾವುದಕ್ಕೂ ಅರ್ಥವಿಲ್ಲ, ಅರ್ಥ ಹುಡುಕುವುದೇ ಆತ್ಮವಂಚನೆ ಎನ್ನುವುದು ಎರಡನೆಯದು. ಇದನ್ನು ಸುರಕ್ಷಿತವಾಗಿ ದೂರದಲ್ಲಿ ಕುಳಿತವರೇ ಹೆಚ್ಚಾಗಿ ಹೇಳುವುದನ್ನು ಕಂಡಿದ್ದೇನೆ. ಸರ್ವನಾಶವನ್ನು ಉಂಡ ಜನಾಂಗಗಳು ನಿಜವಾಗಿ ಏನು ಮಾಡಿದವು? ಅವುಗಳ ನಂಬಿಕೆ ಉಳಿದಿದ್ದರೆ ಯಾವ ರೂಪದಲ್ಲಿ ಉಳಿಯಿತು? ತಿಳಿದವರು ದಯವಿಟ್ಟು ಉಪದೇಶವನ್ನು ಬದಿಗಿಟ್ಟು ನಿದರ್ಶನಗಳೊಂದಿಗೆ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ‘ಹಳೆಯ ಓದುಗ’

ನಿದರ್ಶನ ಕೇಳಿದ್ದೀರಿ. ಈ ವಿಷಯದಲ್ಲಿ ಲಿಖಿತ ದಾಖಲೆ ಅತ್ಯಂತ ದೀರ್ಘವಾಗಿ ಸಿಗುವುದು ಯೆಹೂದ್ಯರ ಇತಿಹಾಸದಲ್ಲಿ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಅಲ್ಲಿದ್ದ ಒಂದೇ ದೇವಾಲಯವನ್ನು ಸುಟ್ಟು, ಜನರನ್ನು ಸೆರೆಯೊಯ್ದಿತು. ಗುಡಿ ಬಿದ್ದರೆ ಅದರ ದೇವರೂ ಸೋತಂತೆ ಎಂಬುದು ಆ ಕಾಲದ ಸಾಮಾನ್ಯ ಲೆಕ್ಕ. ಆ ಲೆಕ್ಕದಂತೆ ಯೆಹೂದ್ಯರು ಒಂದೆರಡು ತಲೆಮಾರುಗಳಲ್ಲಿ ಗೆದ್ದವರ ದೇವರಿಗೆ ಕೈಮುಗಿದು ಕರಗಿಹೋಗಬೇಕಿತ್ತು. ಹಾಗಾಗಲಿಲ್ಲ.

ಇದು ನಮ್ಮ ತಪ್ಪಿಗೆ ಬಂದ ಶಿಕ್ಷೆ ಎಂದು ಅವರ ಪ್ರವಾದಿಗಳು ಹೇಳಿದ್ದು ನಿಜ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ವಿವರಣೆಯ ಜೊತೆಜೊತೆಗೆ ಅವರು ಇನ್ನೊಂದನ್ನೂ ಉಳಿಸಿಕೊಂಡರು, ಅದು ಶೋಕಗೀತೆ. ಬೈಬಲಿನ ಪ್ರಲಾಪಗಳ ಗ್ರಂಥದಲ್ಲಿ ಐದು ಅಧ್ಯಾಯಗಳಿವೆ. ಮೊದಲ ನಾಲ್ಕು ಅಧ್ಯಾಯಗಳ ಪದ್ಯಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿಯೇ ಆರಂಭವಾಗುತ್ತವೆ. ಐದನೆಯ ಅಧ್ಯಾಯದಲ್ಲಿಯೂ 22 ಪದ್ಯಗಳೇ ಇವೆ, ಅಕ್ಷರಕ್ರಮ ಮಾತ್ರ ಇಲ್ಲ. ಹಸಿವಿನಿಂದ ಬೀದಿಯಲ್ಲಿ ಬಿದ್ದ ಮಕ್ಕಳ ಚಿತ್ರ ಅದರಲ್ಲಿದೆ, ದೇವರೇ ಶತ್ರುವಿನಂತಾದನು ಎಂಬ ನೇರವಾದ ಆಪಾದನೆಯೂ ಇದೆ. ನೀನು ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟೆಯೋ ಎಂಬ ಅರ್ಥದ ಮಾತಿನಲ್ಲಿ ಗ್ರಂಥ ನಿಂತುಹೋಗುತ್ತದೆ. ಅದಕ್ಕೆ ಅಲ್ಲಿ ಉತ್ತರವಿಲ್ಲ. ದೇವಾಲಯ ನಾಶವಾದ ದಿನದ ಉಪವಾಸದಂದು ಇಂದಿಗೂ ಯೆಹೂದ್ಯರು ಮಂದ ಬೆಳಕಿನಲ್ಲಿ ನೆಲದ ಮೇಲೋ ತಗ್ಗಾದ ಪೀಠದ ಮೇಲೋ ಕುಳಿತು ಇದನ್ನು ಓದುತ್ತಾರೆ. ಕೊನೆಯ ಪದ್ಯವಾದ ಮೇಲೆ ಅದರ ಹಿಂದಿನ ಪದ್ಯವನ್ನು, ಅಂದರೆ ‘ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ’ ಎಂಬ ಮೊರೆಯನ್ನು, ಮತ್ತೊಮ್ಮೆ ಓದಿ ನಿಲ್ಲಿಸುವುದು ರೂಢಿ. ಆ ನಿಷ್ಠುರವಾದ ಸಾಲನ್ನು ಅಳಿಸುವ ಧೈರ್ಯ ಯಾರೂ ಮಾಡಲಿಲ್ಲ. ಅದರ ಮೇಲೆಯೇ ಓದನ್ನು ಮುಗಿಸುವುದಕ್ಕೂ ಯಾರೂ ಒಪ್ಪಲಿಲ್ಲ.

ಇದೇ ಮುತ್ತಿಗೆಯ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಬೈಬಲಿನಲ್ಲಿರುವ ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯ ಹೇಳುತ್ತದೆ. ನಗರ ಬಿದ್ದೇ ಬೀಳುತ್ತದೆ ಎಂದು ವರ್ಷಗಟ್ಟಲೆ ಸಾರಿದ್ದಕ್ಕಾಗಿ ಸೆರೆಯಲ್ಲಿದ್ದ ಯೆರೆಮೀಯನ ಬಳಿಗೆ ಅವನ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ಹೊಲವನ್ನು ಕೊಂಡುಕೊಳ್ಳೆಂದು ಕೇಳುತ್ತಾನೆ. ಶತ್ರುಸೈನ್ಯ ಬೀಡುಬಿಟ್ಟ ನಾಡಿನ ಹೊಲಕ್ಕೆ ಯಾರಾದರೂ ಹಣ ಕೊಟ್ಟಾರೆಯೇ? ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ, ಸಾಕ್ಷಿಗಳಿಂದ ರುಜು ಹಾಕಿಸುತ್ತಾನೆ, ಮುದ್ರೆಯೊತ್ತಿದ ಕ್ರಯಪತ್ರವನ್ನೂ ಅದರ ತೆರೆದ ಪ್ರತಿಯನ್ನೂ ಬಹುಕಾಲ ಕೆಡದಿರಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಗೆ ಸಿಗಬಹುದಾದ ಉತ್ತರಗಳಲ್ಲಿ ಇದು ಮೇಲ್ಮಟ್ಟದ್ದು. ವಿಪತ್ತು ಏಕೆ ಬಂತೆಂಬ ಚರ್ಚೆಗೆ ಆ ಪತ್ರದಲ್ಲಿ ಜಾಗವಿಲ್ಲ. ಮುಂದೊಂದು ದಿನ ಈ ನೆಲದಲ್ಲಿ ಕ್ರಯವಿಕ್ರಯ ನಡೆಯುತ್ತದೆ ಎಂಬ ಭರವಸೆಯನ್ನು ಒಬ್ಬ ಮನುಷ್ಯ ಕಾನೂನುಬದ್ಧವಾಗಿ ನೋಂದಾಯಿಸಿದ್ದಾನೆ, ಅಷ್ಟೆ.

ಯೆರೂಸಲೇಮಿನಲ್ಲಿ ಮತ್ತೆ ಕಟ್ಟಿದ್ದ ಎರಡನೆಯ ದೇವಾಲಯವನ್ನೂ ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಮಾಂಸವನ್ನೂ ದ್ರಾಕ್ಷಾರಸವನ್ನೂ ದೇವರಿಗೆ ಅರ್ಪಿಸುತ್ತಿದ್ದ ಬಲಿಪೀಠವೇ ಇಲ್ಲದ ಮೇಲೆ ಮಾಂಸ ತಿನ್ನುವುದೂ ದ್ರಾಕ್ಷಾರಸ ಕುಡಿಯುವುದೂ ಹೇಗೆ ಎಂದು ಕೆಲವರು ಎರಡನ್ನೂ ತ್ಯಜಿಸಿದರಂತೆ. ಆಗ ರಬ್ಬಿ ಯೆಹೋಶುವ ಎಂಬ ಗುರು ಅವರಿಗೆ ಹೇಳಿದ ಮಾತಿನ ಸಾರವನ್ನು ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ದಾಖಲಿಸಿದೆ: ಶೋಕಿಸದೆ ಇರಲು ಸಾಧ್ಯವಿಲ್ಲ, ಅತಿಯಾಗಿ ಶೋಕಿಸುವುದಕ್ಕೂ ಸಾಧ್ಯವಿಲ್ಲ, ಆದ್ದರಿಂದ ಮನೆ ಕಟ್ಟಿ ಗಾರೆ ಮಾಡಿಸಿ, ಗೋಡೆಯಲ್ಲಿ ಒಂದು ಸಣ್ಣ ಭಾಗಕ್ಕೆ ಮಾತ್ರ ಗಾರೆ ಬಳಿಯದೆ ಬಿಡಿ. ಮೊಳ ಉದ್ದ, ಮೊಳ ಅಗಲದ ಜಾಗ ಸಾಕೆಂದು ಅಲ್ಲಿಯೇ ಲೆಕ್ಕವನ್ನೂ ಹಾಕಿದ್ದಾರೆ. ದುಃಖಕ್ಕೆ ಇಂತಿಷ್ಟು ಜಾಗವೆಂದು ಅಳೆದುಕೊಟ್ಟ ಆ ಗುರುಗಳ ವ್ಯವಹಾರಜ್ಞಾನ ದೊಡ್ಡದು. ಹೋಮಬಲಿಯ ಸ್ಥಾನಕ್ಕೆ ಪ್ರಾರ್ಥನೆ, ಅಧ್ಯಯನ ಮತ್ತು ದಾನಧರ್ಮಗಳು ಬಂದದ್ದು ಇದೇ ಕಾಲಘಟ್ಟದಲ್ಲಿ. ನಂಬಿಕೆ ಉಳಿಯಿತು, ಆದರೆ ಹಳೆಯ ರೂಪದಲ್ಲಿ ಉಳಿಯಲಿಲ್ಲ.

ಉತ್ತರ: ‘ಸಂಶಯವಾದಿ’

ಮೇಲಿನ ಉತ್ತರವನ್ನು ಗೌರವದಿಂದಲೇ ಓದಿದೆ. ಆದರೆ ಶಿಕ್ಷೆಯ ವಾದವನ್ನು ಅವರು ಒಂದೇ ವಾಕ್ಯದಲ್ಲಿ ದಾಟಿಬಿಟ್ಟರು. ಅದನ್ನು ಅಷ್ಟು ಸುಲಭವಾಗಿ ಬಿಡಲಾಗದು.

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ ನಗರದ ಜನ ಚರ್ಚುಗಳಲ್ಲಿ ಕಿಕ್ಕಿರಿದು ಸೇರಿದ್ದ ಹೊತ್ತಿಗೆ ಭೂಮಿ ನಡುಗಿತು. ಭಕ್ತರ ತಲೆಯ ಮೇಲೆಯೇ ಚರ್ಚುಗಳು ಬಿದ್ದವು. ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳಿಂದಲೂ ಒಲೆಗಳಿಂದಲೂ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಬಯಲೆಂದು ನದೀತೀರಕ್ಕೆ ಓಡಿದವರನ್ನು ಸುನಾಮಿ ಸೆಳೆದೊಯ್ದಿತು. ಮಲಗ್ರಿಡಾ ಎಂಬ ಜೆಸ್ವಿಟ್ ಪಾದ್ರಿ ಇದು ನಗರದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ, ನೈಸರ್ಗಿಕ ಕಾರಣ ಹುಡುಕುವುದೇ ಅಪಚಾರ, ಈಗ ಬೇಕಾಗಿರುವುದು ಪಶ್ಚಾತ್ತಾಪ ಎಂದು ಕರಪತ್ರ ಹೊರಡಿಸಿದರು. ಆಡಳಿತದ ಹೊಣೆ ಹೊತ್ತಿದ್ದ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ಶವಗಳ ವಿಲೇವಾರಿಗೂ ಆಹಾರದ ಹಂಚಿಕೆಗೂ ಮೊದಲು ಕೈಹಾಕಿದ. ಅನಂತರ ಊರೂರಿನ ಪಾದ್ರಿಗಳಿಗೆ ಪ್ರಶ್ನಾವಳಿ ಕಳುಹಿಸಲಾಯಿತು: ಕಂಪನ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಜನ ಸತ್ತರು. ಆಧುನಿಕ ಭೂಕಂಪವಿಜ್ಞಾನದ ಮೊದಲ ಹೆಜ್ಜೆಗಳಲ್ಲಿ ಅದನ್ನೂ ಎಣಿಸುತ್ತಾರೆ. ಹೊಸ ಕಟ್ಟಡಗಳ ಗೋಡೆಯೊಳಗೆ ಮರದ ಚೌಕಟ್ಟು ಇರಿಸುವ ಕ್ರಮವೂ ಬಂತು. (ಪೊಂಬಾಲನನ್ನು ಸಂತನಂತೆ ಕಾಣಬೇಕಾಗಿಲ್ಲ. ಅವನ ವಿರೋಧಕ್ಕೆ ಗುರಿಯಾದ ಆ ಮುದಿ ಪಾದ್ರಿಯನ್ನು 1761ರಲ್ಲಿ ಕೊಲ್ಲಿಸಲಾಯಿತು.)

ಈ ವಿಪತ್ತಿನ ಬಗ್ಗೆ ಫ್ರೆಂಚ್ ಲೇಖಕ ವಾಲ್ಟೇರ್ ಬರೆದ ಪದ್ಯಕ್ಕೆ ಉತ್ತರವಾಗಿ 1756ರಲ್ಲಿ ಚಿಂತಕ ರೂಸೋ ಬರೆದ ಪತ್ರದಲ್ಲಿ ನನಗೆ ತೀರ ಮುಖ್ಯವೆನಿಸುವ ಒಂದು ವಾದವಿದೆ. ಆರೇಳು ಅಂತಸ್ತಿನ ಸಾವಿರಾರು ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ, ಮನುಷ್ಯರು ಎಂಬುದು ಅದರ ತಾತ್ಪರ್ಯ. ದೇವರಿಗೂ ಪ್ರಕೃತಿಗೂ ಹೊರಿಸಿದ ಹೊಣೆಯಲ್ಲಿ ನಮ್ಮ ಪಾಲೆಷ್ಟು ಎಂದು ಕೇಳಿದ ಮೊದಮೊದಲಿನ ಮಾತುಗಳಲ್ಲಿ ಅದೂ ಒಂದು.

ನಮ್ಮಲ್ಲಿಯೇ ಇದರ ಇನ್ನೊಂದು ರೂಪವಿದೆ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳು ಭೂಕಂಪದಿಂದ ನುಚ್ಚುನೂರಾದಾಗ ಗಾಂಧೀಜಿಯವರು ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ದಂಡನೆ ಎಂದರು. ರವೀಂದ್ರನಾಥ ಠಾಕೂರರು, ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿಯವರೊಡನೆ ನಿಂತವರಾಗಿದ್ದರೂ, ಇದನ್ನು ಬಲವಾಗಿ ಖಂಡಿಸಿದರು. ಭೌತಿಕ ವಿಪತ್ತಿಗೆ ಭೌತಿಕ ಕಾರಣಗಳೇ ಇರುತ್ತವೆ ಎಂಬುದು ಅವರ ಒಂದು ಮಾತು. ಇದೇ ತರ್ಕವನ್ನು ವಿರೋಧಿಗಳು ತಿರುಗಿಸಿ, ಭೂಕಂಪ ಬಂದದ್ದು ನಿಮ್ಮ ಚಳವಳಿಯಿಂದಲೇ ಎಂದರೆ ಆಶ್ಚರ್ಯವಿಲ್ಲ ಎಂಬುದು ಇನ್ನೊಂದು. ಗಾಂಧೀಜಿಯವರು ಆ ಟೀಕೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರ ಕೊಟ್ಟರು: ಸಂಬಂಧವನ್ನು ತಾವು ಸಾಬೀತುಪಡಿಸಲಾರೆವು, ಆದರೆ ಈ ನಂಬಿಕೆ ತಪ್ಪೆಂದಾದರೂ ಅದು ತಮ್ಮನ್ನು ಆತ್ಮಶುದ್ಧಿಗೆ ಹುರಿದುಂಬಿಸಿದ ಲಾಭ ಉಳಿಯುತ್ತದೆ ಎಂದು. ಗಾಂಧೀಜಿಯವರ ಉದ್ದೇಶ ನಿರ್ಮಲವಾಗಿದ್ದರೂ ಲಾಭ ಉಪದೇಶಕರಿಗೆ, ಬೆಲೆ ತೆತ್ತವರು ಮಣ್ಣಿನಡಿ ಸಿಕ್ಕ ಬಿಹಾರದ ಜನ. ಅವರಲ್ಲಿ ಅಸ್ಪೃಶ್ಯತೆಯನ್ನು ಉಂಡವರೂ ಇದ್ದರಲ್ಲವೇ? ನಾನು ಠಾಕೂರರ ಪಕ್ಷ.

ಪ್ರತಿಕ್ರಿಯೆ: ‘ಜಿಜ್ಞಾಸು’

ಇಬ್ಬರಿಗೂ ಕೃತಜ್ಞತೆಗಳು. ಠಾಕೂರರ ವಾದವನ್ನು ಒಪ್ಪುತ್ತೇನೆ, ಆದರೆ ಒಂದು ತೊಡಕು ಉಳಿಯುತ್ತದೆ. ಹೊರಗಿನವರು ನಿಮಗಿದು ಶಿಕ್ಷೆ ಎನ್ನುವುದು ಕ್ರೌರ್ಯ, ಸರಿ. ಆದರೆ ನೊಂದವರು ತಾವಾಗಿಯೇ ತಮ್ಮವರ ಸಾವಿಗೆ ಒಂದು ಪವಿತ್ರವಾದ ಅರ್ಥ ಕೊಟ್ಟುಕೊಂಡರೆ ಅದನ್ನೂ ನಾವು ತರ್ಕದಿಂದ ಕಸಿದುಕೊಳ್ಳಬೇಕೇ? ಮೂಲದಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಇದೇ ಇರಬೇಕು.

ಉತ್ತರ: ‘ಮೌನಿ’

ನಿಮ್ಮ ತೊಡಕಿಗೆ ನಾಗಸಾಕಿಗಿಂತ ಹತ್ತಿರದ ನಿದರ್ಶನ ನನಗೆ ತಿಳಿದಿಲ್ಲ.

1945ರ ಆಗಸ್ಟ್ 9ರಂದು ಬಿದ್ದ ಅಣುಬಾಂಬು ಸಿಡಿದದ್ದು ಆ ನಗರದ ಉರಾಕಾಮಿ ಪ್ರದೇಶದ ಮೇಲೆ. ನಿಷೇಧದ ಇನ್ನೂರೈವತ್ತು ವರ್ಷಗಳಲ್ಲಿ ಗುಟ್ಟಾಗಿ ತಮ್ಮ ಮತವನ್ನು ಕಾಪಾಡಿಕೊಂಡು ಬಂದಿದ್ದ ಕ್ರೈಸ್ತರ ನೆಲೆ ಅದು. ಅಲ್ಲಿದ್ದ ಸುಮಾರು 12,000 ಕ್ಯಾಥೊಲಿಕರಲ್ಲಿ 8,500ರಷ್ಟು ಜನ ಸತ್ತರು. ದೊಡ್ಡ ಚರ್ಚು ಕುಸಿಯಿತು. ಸ್ಥಳೀಯ ದೇವತೆಗಳನ್ನು ಪೂಜಿಸದಿದ್ದುದಕ್ಕೆ ಇವರಿಗೆ ಈ ಗತಿ ಎಂಬ ಮಾತು ಊರಿನಲ್ಲಿ ಹಬ್ಬಿತು. ಯುದ್ಧದಿಂದ ಮರಳಿ ಬಂದು ಹೆಂಡತಿ ಮಕ್ಕಳನ್ನೆಲ್ಲ ಕಳೆದುಕೊಂಡ ಕ್ರೈಸ್ತನೊಬ್ಬ ಈ ಮಾತಿನಿಂದ ಕಂಗೆಟ್ಟು, ಸತ್ತವರೆಲ್ಲ ದುಷ್ಟರೇ ಎಂದು ಡಾ. ನಾಗಾಯಿ ತಕಾಶಿ ಅವರನ್ನು ಕೇಳಿದ. ನಾಗಾಯಿ ಕ್ಷಕಿರಣ ವೈದ್ಯರು. ಬಾಂಬಿಗೆ ಮೊದಲೇ ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದವರು. ಬಾಂಬಿನಲ್ಲಿ ಹೆಂಡತಿಯನ್ನು ಕಳೆದುಕೊಂಡವರು. ನವೆಂಬರ್ 23ರಂದು ಅವಶೇಷಗಳ ನಡುವೆ ನಡೆದ ಸಾಮೂಹಿಕ ಪೂಜೆಯಲ್ಲಿ ಅವರು ಉತ್ತರ ಕೊಟ್ಟರು. ಸತ್ತವರು ಶಿಕ್ಷೆಗೊಳಗಾದವರಲ್ಲ, ಯುದ್ಧ ಕೊನೆಗೊಳ್ಳಲೆಂದು ದೇವರು ಆರಿಸಿಕೊಂಡ ನಿರ್ಮಲವಾದ ಸರ್ವಾಂಗಹೋಮವೇ ಅವರು ಎಂಬುದು ಆ ಭಾಷಣದ ಸಾರ.

ಆ ಮಾತು ಆ ಜನರನ್ನು ಬದುಕಿಸಿತು. ಅವಶೇಷಗಳಡಿಯಿಂದ ಒಡೆಯದೆ ಸಿಕ್ಕ ಚರ್ಚಿನ ಗಂಟೆಯನ್ನು ಅದೇ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಮರದ ಕಂಬಗಳಿಗೆ ತೂಗುಹಾಕಿ ಬಾರಿಸಿದರು. ಆದರೆ ಕಾಲ ಕಳೆದಂತೆ ಅದೇ ನಗರದಿಂದ ಆಕ್ಷೇಪ ಎದ್ದಿತು. ಬಾಂಬು ದೇವರ ಯೋಜನೆ ಎಂದಾದರೆ ಯುದ್ಧಕ್ಕೆ ನೂಕಿದ ಸರಕಾರವನ್ನಾಗಲಿ ಬಾಂಬು ಹಾಕಿದ ದೇಶವನ್ನಾಗಲಿ ಪ್ರಶ್ನಿಸುವುದು ಹೇಗೆ? ಹೋಮದ ಬಲಿಗೆ ದೂರು ಕೊಡುವ ಹಕ್ಕಿದೆಯೇ? ಗಾಯಗೊಂಡು ಉಳಿದ ಕ್ರೈಸ್ತರು ತಮ್ಮ ನೋವನ್ನು ಬಾಯಿಬಿಟ್ಟು ಹೇಳುವುದೂ ನಂಬಿಕೆಯ ಕೊರತೆಯೆನಿಸಿ ಸುಮ್ಮನಾದರು ಎಂಬ ವಿಮರ್ಶೆ ಬಂತು. 1981ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಹಿರೋಶಿಮಾದಲ್ಲಿ ನಿಂತು ‘ಯುದ್ಧ ಮನುಷ್ಯನ ಕೃತ್ಯ’ ಎಂದಾಗ ನಾಗಸಾಕಿಯ ಕೆಲವು ಕ್ರೈಸ್ತರಿಗೆ ಬಾಯಿ ಬಿಡುವ ಅನುಮತಿ ಸಿಕ್ಕಂತಾಯಿತು.

ಆದ್ದರಿಂದ ಕಸಿದುಕೊಳ್ಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ಸ್ವತಃ ಸಾಯುತ್ತಿದ್ದ ವೈದ್ಯರು ತಮ್ಮ ಹೆಂಡತಿಯ ಸಾವಿನ ಬಗ್ಗೆ ಆಡಿದ ಮಾತನ್ನು ತಿದ್ದಲು ನಾವು ಯಾರು? ಆದರೆ ಒಬ್ಬರ ಗಾಯಕ್ಕೆ ಕಟ್ಟಿದ ಪಟ್ಟಿ ಎಲ್ಲರ ಬಾಯಿಗೂ ಕಟ್ಟಾಗಬಾರದು. ಪಕ್ಕದ ಮನೆಯ ತಾಯಿ ನನ್ನ ಮಗ ಹೋಮವಲ್ಲ, ಅವನನ್ನು ಕೊಂದರು ಎಂದು ಕೂಗಿದರೆ ಅದಕ್ಕೂ ಅದೇ ಚರ್ಚಿನಲ್ಲಿ ಸ್ಥಳವಿರಬೇಕು. ‘ಹಳೆಯ ಓದುಗ’ರು ಹೇಳಿದ ಪ್ರಲಾಪಗಳಲ್ಲಿ ಆ ಸ್ಥಳ ಇತ್ತು.

ಉತ್ತರ: ‘ಇತಿಹಾಸ ವಿದ್ಯಾರ್ಥಿ’

ಚರ್ಚೆ ಒಂದು ಸಂಗತಿಯನ್ನು ಬಿಟ್ಟಿದೆ. ಇಲ್ಲಿಯವರೆಗಿನ ನಿದರ್ಶನಗಳಲ್ಲಿ ಧರ್ಮ ಸಂಕಟಕ್ಕೆ ಸಿಕ್ಕಿತು, ಇಲ್ಲವೇ ಅದನ್ನು ತಪ್ಪಾಗಿ ವಿವರಿಸಿತು. ಆಫ್ರಿಕಾದ ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ನಡೆದ ನರಮೇಧದಲ್ಲಿ ಅದು ಆರೋಪಿಯೂ ಆಯಿತು. ಹಿಂದಿನ ಗಲಭೆಗಳಲ್ಲಿ ಚರ್ಚು ಆಶ್ರಯ ಕೊಟ್ಟಿತ್ತೆಂಬ ನೆನಪಿನಿಂದ ನರಮೇಧಕ್ಕೆ ಗುರಿಯಾದ ತುತ್ಸಿ ಜನಾಂಗದವರು ಈ ಸಲವೂ ಅಲ್ಲಿಗೇ ಓಡಿದರು. ನ್ಯಾಮಾಟಾ, ಎನ್ತರಾಮಾ ಮುಂತಾದೆಡೆ ಚರ್ಚಿನೊಳಗೇ ಸಾವಿರಗಟ್ಟಲೆ ಜನ ಹತರಾದರು. ತಾನೇ ನೋಡಿಕೊಳ್ಳುತ್ತಿದ್ದ ಚರ್ಚನ್ನು ಒಳಗಿದ್ದ ನಿರಾಶ್ರಿತರ ಮೇಲೆ ಬುಲ್ಡೋಜರಿನಿಂದ ಕೆಡವಲು ನೆರವಾದ ಪಾದ್ರಿಯೊಬ್ಬನಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸಿ ಜೀವಾವಧಿ ಶಿಕ್ಷೆ ವಿಧಿಸಿತು. 2017ರಲ್ಲಿ ಪೋಪ್ ಫ್ರಾನ್ಸಿಸ್ ಚರ್ಚಿನವರ ಪಾಪಕ್ಕೆ ಕ್ಷಮೆ ಬೇಡಿದರು. ಇಂಥ ಕಡೆ ‘ನಂಬಿಕೆ ಉಳಿಯಿತೇ’ ಎಂದು ಕೇಳುವ ಮೊದಲು ನಂಬಿಕಸ್ಥರು ಉತ್ತರ ಕೊಡಬೇಕಾದ ಪ್ರಶ್ನೆಗಳಿವೆ. ನ್ಯಾಮಾಟಾದ ಚರ್ಚಿನಲ್ಲಿ ಈಗ ಪೂಜೆ ನಡೆಯುವುದಿಲ್ಲ. ಸತ್ತವರ ಬಟ್ಟೆಗಳನ್ನು ಬೆಂಚುಗಳ ಮೇಲೆ ಹಾಗೆಯೇ ರಾಶಿ ಹಾಕಿ ಸ್ಮಾರಕವಾಗಿ ಉಳಿಸಿದ್ದಾರೆ. ಊರಿನವರೇ ಹುಲ್ಲಿನ ಮೇಲೆ ಕುಳಿತು ವಿಚಾರಣೆ ನಡೆಸಿದ ಗಚಾಚಾ ನ್ಯಾಯಾಲಯಗಳು 2012ರವರೆಗೆ ಕೆಲಸ ಮಾಡಿದವು. ಅವುಗಳಲ್ಲಿ ದೋಷಗಳು ಬಹಳ ಇದ್ದವು. ಆದರೂ ನನ್ನ ಗಂಡನ ಶವ ಎಲ್ಲಿ ಹೂತಿದ್ದೀರಿ ಎಂದು ಕೇಳಲು ಅನೇಕ ವಿಧವೆಯರಿಗೆ ಸಿಕ್ಕ ಮೊದಲ ಸಭೆ ಅದೇ ಆಗಿತ್ತು.

ಅರ್ಥ ಸಿಗುವುದಕ್ಕೆ ಮೊದಲು ಲೆಕ್ಕ ಸಿಗಬೇಕು ಎಂಬ ಈ ಅರಿವು ಮಹಾಭಾರತಕ್ಕೂ ಇತ್ತು. ಸ್ತ್ರೀಪರ್ವದ ಕೊನೆಯಲ್ಲಿ ಧೃತರಾಷ್ಟ್ರ ಸತ್ತವರ ಸಂಖ್ಯೆಯನ್ನು ಕೇಳುತ್ತಾನೆ, ಧರ್ಮರಾಯ ಕೋಟಿಗಳಲ್ಲಿ ಹೇಳುತ್ತಾನೆ, ಕಾಣೆಯಾದವರ ಲೆಕ್ಕವನ್ನೂ ಬೇರೆಯಾಗಿಯೇ ಕೊಡುತ್ತಾನೆ. ಬಂಧುಗಳಿಲ್ಲದ ಅನಾಥ ಶವಗಳನ್ನು ಏನು ಮಾಡುವುದೆಂಬ ಮಾತು ಬಂದಾಗ ವಿದುರ, ಸಂಜಯ, ಧೌಮ್ಯ ಮುಂತಾದವರನ್ನು ನೇಮಿಸುತ್ತಾನೆ. ಮುರಿದ ರಥಗಳನ್ನೂ ಚಿತೆಗೆ ಒಟ್ಟಿ, ನಾನಾ ದೇಶಗಳಿಂದ ಬಂದು ಹೇಳಹೆಸರಿಲ್ಲದೆ ಬಿದ್ದವರನ್ನೂ ದಹಿಸುತ್ತಾರೆ. ಅನಂತರ ಗಂಗೆಯಲ್ಲಿ ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿ ತೆರೆದು, ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎನ್ನುತ್ತಾಳೆ. ಗಮನಿಸಬೇಕಾದದ್ದು ಏನೆಂದರೆ, ಈ ಕ್ರಿಯೆಯಿಂದ ಧರ್ಮರಾಯನಿಗೆ ಶಾಂತಿ ಸಿಗುವುದಿಲ್ಲ. ಅವನ ದುಃಖ ಇಮ್ಮಡಿಯಾಗುತ್ತದೆ, ತಾಯಿಯ ಮೇಲೆ ಸಿಟ್ಟಾಗುತ್ತಾನೆ, ರಾಜ್ಯವೇ ಬೇಡ, ಕಾಡಿಗೆ ಹೋಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸ, ಕೃಷ್ಣ ಎಲ್ಲರೂ ಅವನೊಡನೆ ವಾದಿಸಬೇಕಾಗುತ್ತದೆ. ಶರಶಯ್ಯೆಯ ಮೇಲಿದ್ದ ಭೀಷ್ಮನ ದೀರ್ಘ ಉಪದೇಶದ ನಂತರವೂ ಅವನ ಅಳಲು ಮರುಕಳಿಸುತ್ತದೆ.

‘ಸಂಶಯವಾದಿ’ಗಳು ಕೇಳಬಹುದಾದ ಪ್ರಶ್ನೆಗೆ ಮೊದಲೇ ಉತ್ತರಿಸುತ್ತೇನೆ: ಇದನ್ನು ನಾನು ಇತಿಹಾಸವೆಂದು ಉಲ್ಲೇಖಿಸುತ್ತಿಲ್ಲ, ಸರ್ವನಾಶದ ನಂತರ ಏನೇನು, ಯಾವ ಕ್ರಮದಲ್ಲಿ ಎದುರಾಗುತ್ತದೆ ಎಂಬುದನ್ನು ಬಲ್ಲವರು ಬರೆದದ್ದೆಂದು ಉಲ್ಲೇಖಿಸುತ್ತಿದ್ದೇನೆ. ಮೊದಲು ಎಣಿಕೆ, ಆಮೇಲೆ ಅನಾಥರ ಸಂಸ್ಕಾರ, ಅದರ ನಡುವೆ ಬಚ್ಚಿಟ್ಟ ಸತ್ಯವೊಂದು ಹೊರಬೀಳುವುದು, ಆಮೇಲೆ ಸಿಟ್ಟು. ತತ್ತ್ವೋಪದೇಶದ ಮಹಾಪರ್ವ ಶುರುವಾಗುವುದು ಇಷ್ಟೆಲ್ಲ ಆದ ಮೇಲೆಯೇ.